ಓದುಗರ ಪ್ರಶ್ನೆ: ಥರ್ಮಾಮೀಟರ್ ಯಾಕೆ ಅಲ್ಲೇ ನಿಂತಿತು?

ಹಿಂದಿನ ಸಂಚಿಕೆಯಲ್ಲಿ ಥರ್ಮಾಮೀಟರ್ ಬಗ್ಗೆ ಬರೆಯುವಾಗ "ಕುದಿಯುವ ನೀರಿನ ತಾಪಮಾನ ಏರುವುದಿಲ್ಲ" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಬಂದ ಪತ್ರಗಳು ಈ ತಿಂಗಳು ಒಂದು ಕಟ್ಟು ಇವೆ. ಮೂವತ್ತೊಂದು ವರ್ಷ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನೀರು ಕಾಯಿಸಿದವಳು ನಾನು. ಈ ಪತ್ರಗಳನ್ನು ಓದುವಾಗ ಆದ ಸಂತೋಷ ಹೇಳತೀರದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ನೀರು, ಹಬೆ, ಶಾಖಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನೀರು ಕುದಿಯಲು ಶುರುವಾದ ಮೇಲೆ ಉರಿ ದೊಡ್ಡದು ಮಾಡಿದರೆ ನೀರು ಇನ್ನೂ ಬಿಸಿಯಾಗುತ್ತದೆ ಎಂದು ನಮ್ಮ ತಂದೆ ಹೇಳುತ್ತಾರೆ. ಆಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಉರಿಯಂತೂ ನೀರಿಗೆ ತಾಗುತ್ತಲೇ ಇದೆ. ಹಾಗಾದರೆ ಆ ಶಾಖವೆಲ್ಲ ಎಲ್ಲಿಗೆ ಹೋಯಿತು?

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕುವ ಮೊದಲು ಅವರು ಏನನ್ನು ನೋಡಿ ಹಾಗೆ ಹೇಳುತ್ತಿದ್ದಾರೆ ಎಂದು ಯೋಚಿಸಿ. ಉರಿ ಹೆಚ್ಚಿಸಿದರೆ ನೀರು ಕೊತಕೊತ ಮರಳುತ್ತದೆ, ಹಬೆ ದಟ್ಟವಾಗಿ ಏಳುತ್ತದೆ. ಕಣ್ಣಿಗೆ ಕಾಣುವುದೆಲ್ಲ "ಇನ್ನೂ ಬಿಸಿಯಾಯಿತು" ಎಂದೇ ಹೇಳುತ್ತದೆ. ಥರ್ಮಾಮೀಟರ್ ಮಾತ್ರ ಬೇರೆ ಮಾತು ಹೇಳುತ್ತದೆ. ಸಮುದ್ರಮಟ್ಟದ ಹತ್ತಿರವಾದರೆ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲುತ್ತದೆ, ನೀವು ಎಷ್ಟೇ ಉರಿ ಕೊಟ್ಟರೂ ಅಲ್ಲಿಂದ ಕದಲುವುದಿಲ್ಲ. ಪಾತ್ರೆಯ ತಳಕ್ಕೆ ಅಂಟಿದ ತೆಳುವಾದ ಪದರದಲ್ಲಿ ಮಾತ್ರ ಕೆಲವು ಡಿಗ್ರಿ ಹೆಚ್ಚಿರುತ್ತದೆ.

ನಾನು ಪ್ರತಿ ವರ್ಷ ಮೊದಲ ವರ್ಷದ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಪ್ರಯೋಗ ಹೇಳುತ್ತೇನೆ. ಬೀಕರಿನಲ್ಲಿ 200 ಮಿಲಿಲೀಟರ್ ನೀರು, ಕೆಳಗೆ ಒಂದೇ ಹದದಲ್ಲಿ ಕಾಯುವ ವಿದ್ಯುತ್ ತಟ್ಟೆ, ಪಕ್ಕದಲ್ಲಿ ಗಡಿಯಾರ. 27 ಡಿಗ್ರಿಯಲ್ಲಿದ್ದ ನೀರು ಕುದಿಯಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಗಡಿಯಾರ ನೋಡುತ್ತಾ ಕೂರಬೇಕು. ಐದು ನಿಮಿಷ ಕಳೆಯಿತು, ನೀರು ಇದೆ. ಹತ್ತು ನಿಮಿಷ ಕಳೆಯಿತು, ಇನ್ನೂ ಇದೆ. 100 ಮಿಲಿಲೀಟರ್ ಗೆರೆಗೆ ಇಳಿಯುವ ಹೊತ್ತಿಗೆ ಹದಿನಾಲ್ಕು ನಿಮಿಷವಾಗಿತ್ತು. ಅಂದರೆ ಅರ್ಧ ನೀರು ಬತ್ತಲು ಅಷ್ಟು ಹೊತ್ತು. (ಪೂರ್ತಿ ಬತ್ತಲು ಬಿಡಬೇಡಿ, ಗಾಜು ಸೀಳುತ್ತದೆ.) ಹುಡುಗರು ಬೇಸರದಿಂದ ಆಕಳಿಸುವ ಹೊತ್ತಿಗೇ ನಾನು ಕೇಳುತ್ತಿದ್ದೆ: ಈ ಹದಿನಾಲ್ಕು ನಿಮಿಷವೂ ತಟ್ಟೆ ಮೊದಲಿನಷ್ಟೇ ಶಾಖ ಕೊಟ್ಟಿದೆ, ಥರ್ಮಾಮೀಟರ್ ಒಂದು ಗೆರೆಯೂ ಏರಿಲ್ಲ, ಹಾಗಾದರೆ ಲೆಕ್ಕ ಎಲ್ಲಿ?

ಇದೇ ಲೆಕ್ಕವನ್ನು ಹುಡುಕಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್. 1762ರಲ್ಲಿ ಅವರು ಚಪ್ಪಟೆ ತಳದ ತವರದ ಪಾತ್ರೆಗಳಲ್ಲಿ ಸ್ವಲ್ಪ ನೀರು ಹಾಕಿ, ಕೆಂಪಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಇಟ್ಟರು. 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ಇದ್ದ ನೀರು ನಾಲ್ಕು ನಿಮಿಷದಲ್ಲಿ ಕುದಿಯಿತು. ಎಲ್ಲ ಬತ್ತಲು ಮತ್ತೆ ಇಪ್ಪತ್ತು ನಿಮಿಷ ಬೇಕಾಯಿತು. ನಾಲ್ಕು ನಿಮಿಷದಲ್ಲಿ 162 ಫ್ಯಾರನ್‌ಹೀಟ್ ಡಿಗ್ರಿ ಏರಿಸಿದ ಶಾಖ, ಇಪ್ಪತ್ತು ನಿಮಿಷದಲ್ಲಿ 810 ಡಿಗ್ರಿ ಏರಿಸಬೇಕಿತ್ತು. ಏರಿಸಲಿಲ್ಲ. ಆ ಶಾಖ ಹಬೆಯೊಳಗೆ ಅಡಗಿ ಕೂತಿದೆ ಎಂದರು ಬ್ಲ್ಯಾಕ್. ನಮ್ಮ ಪಠ್ಯಪುಸ್ತಕಗಳ 'ಗುಪ್ತೋಷ್ಣ' ಎಂಬ ಪದ ಹೇಳುವುದು ಇದನ್ನೇ. ಇಂದಿನ ನಿಖರ ಅಳತೆಯಲ್ಲಿ ಆ 810 ಎಂಬುದು ಸುಮಾರು 970 ಆಗುತ್ತದೆ. ಒಂದು ತವರದ ಪಾತ್ರೆ, ಒಂದು ಗಡಿಯಾರ ಇಟ್ಟುಕೊಂಡು ಅಷ್ಟು ಹತ್ತಿರ ಹೋದರಲ್ಲ ಎಂದು ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಈಗಿನ ಲೆಕ್ಕ ಹೀಗಿದೆ. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೂಲ್ ಸಾಕು. ಅದೇ ಒಂದು ಕಿಲೋ ನೀರನ್ನು 100 ಡಿಗ್ರಿಯಲ್ಲೇ ಹಬೆ ಮಾಡಲು 2257 ಕಿಲೋಜೂಲ್ ಬೇಕು. ಏಳು ಪಟ್ಟಿಗೂ ಹೆಚ್ಚು! ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವುದಕ್ಕೇ ಹೆಚ್ಚಿನ ಪಾಲು ಖರ್ಚು. ಉಳಿದ ಸುಮಾರು ಹದಿಮೂರನೇ ಒಂದು ಪಾಲು ಇನ್ನೊಂದು ಕೆಲಸಕ್ಕೆ ಹೋಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1670 ಲೀಟರ್ ಜಾಗ ಬೇಕು. ಅಷ್ಟು ಜಾಗದಲ್ಲಿದ್ದ ಗಾಳಿಯನ್ನು ಆಚೆ ತಳ್ಳುವ ಕೆಲಸ ಅದು.

ಆದ್ದರಿಂದ ಉರಿ ದೊಡ್ಡದು ಮಾಡಿದಾಗ ನೀರು ಹೆಚ್ಚು ಬಿಸಿಯಾಗುವುದಿಲ್ಲ, ಬೇಗ ಬತ್ತುತ್ತದೆ. ಬಂದ ಶಾಖವನ್ನು ಹಬೆ ಅಲ್ಲಲ್ಲೇ ಹೊತ್ತುಕೊಂಡು ಹೋಗುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಕುದಿ ನಿಲ್ಲದಷ್ಟು ಮಾತ್ರ ಇಟ್ಟುಕೊಳ್ಳಿ. ತಾಪಮಾನ ಅಷ್ಟೇ ಇರುತ್ತದೆ, ಇಂಧನ ಉಳಿಯುತ್ತದೆ. ಮೊದಲ ಕುದಿ ಬೇಗ ಬರಬೇಕಿದ್ದರೆ ಮುಚ್ಚಳ ಮುಚ್ಚಿ. ತೆರೆದ ಪಾತ್ರೆಯಲ್ಲಿ 70, 80 ಡಿಗ್ರಿಯಿಂದಲೇ ಆವಿ ಶಾಖವನ್ನು ಕದ್ದೊಯ್ಯಲು ಶುರುಮಾಡಿರುತ್ತದೆ.

ನಿಮ್ಮ ತಂದೆಯವರೊಂದಿಗೆ ವಾದ ಬೇಡ. ಗಡಿಯಾರ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಕೂತು ನೋಡಿ.

ಪ್ರಶ್ನೆ: ನಾನು ಎಂಟನೇ ತರಗತಿ. ಕೆಟಲ್‌ನಲ್ಲಿ ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ ಸೊಂಯ್ ಎಂದು ಜೋರಾಗಿ ಸದ್ದು ಬರುತ್ತದೆ. ನಿಜವಾಗಿ ಕುದಿಯುವಾಗ ಸದ್ದು ಕಮ್ಮಿಯಾಗುತ್ತದೆ. ಉಲ್ಟಾ ಆಗಬೇಕಿತ್ತಲ್ಲವೇ?

ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೀಯ ಮಗು! ದೊಡ್ಡವರಲ್ಲಿ ಎಷ್ಟೋ ಜನ ದಿನಾ ಆ ಸದ್ದು ಕೇಳಿಯೂ ಈ ಪ್ರಶ್ನೆ ಕೇಳಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಗಾಜಿನ ಪಾತ್ರೆ ಬೇಕು. ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡು. ಮೊದಲು ಗೋಡೆಗೆ ಅಂಟಿಕೊಂಡ ಸಣ್ಣ ಗುಳ್ಳೆಗಳು ಕಾಣುತ್ತವೆ. ಅವು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬೆಚ್ಚಗಾದಂತೆ ಗಾಳಿಗೆ ಅದರಲ್ಲಿ ಕರಗಿ ಇರಲು ಆಗುವುದಿಲ್ಲ, ಹೊರಬೀಳುತ್ತದೆ. ಅವುಗಳದ್ದು ಸದ್ದಿಲ್ಲ.

ಆಮೇಲೆ ತಳದಲ್ಲಿ ನೋಡು. ಅಲ್ಲಿಯ ನೀರು ನೂರು ಡಿಗ್ರಿ ದಾಟಿರುತ್ತದೆ, ಮೇಲಿನ ನೀರು ಇನ್ನೂ ಎಂಬತ್ತರ ಆಸುಪಾಸಿನಲ್ಲಿರುತ್ತದೆ. ತಳದಲ್ಲಿ ಒಂದು ಹಬೆಯ ಗುಳ್ಳೆ ಹುಟ್ಟುತ್ತದೆ, ಉಬ್ಬುತ್ತದೆ, ಚೂರು ಮೇಲೇಳುತ್ತದೆ. ತಣ್ಣನೆಯ ನೀರು ತಾಗಿದ ಕ್ಷಣ ಅದರೊಳಗಿನ ಹಬೆ ಮತ್ತೆ ನೀರಾಗಿಬಿಡುತ್ತದೆ. ಗುಳ್ಳೆ ಇದ್ದ ಜಾಗ ಖಾಲಿ! ಸುತ್ತಲಿನ ನೀರು ಎಲ್ಲ ಕಡೆಯಿಂದ ನುಗ್ಗಿ ಚಟ್ಟನೆ ಬಡಿಯುತ್ತದೆ. ಆ ಬಡಿತವೇ ಸದ್ದು. ಒಂದೊಂದು ಗುಳ್ಳೆಯದು ಪುಟ್ಟ ಸದ್ದು, ಆದರೆ ಸಾವಿರಾರು ಗುಳ್ಳೆಗಳು ಹೀಗೆ ಹುಟ್ಟಿ ಹುಟ್ಟಿ ಸಾಯುತ್ತಿದ್ದರೆ ನಿನಗೆ ಕೇಳಿಸುವ ಸೊಂಯ್ ಆಗುತ್ತದೆ. ಗಾಜಿನಲ್ಲಿ ನೋಡಿದರೆ ತಳದ ಮೇಲೆ ಮಂಜಿನಂತೆ ಒಂದು ಪದರ ಮಿಣುಕುತ್ತಿರುತ್ತದೆ. ಒಂದೇ ಒಂದು ಗುಳ್ಳೆಯೂ ಮೇಲಕ್ಕೆ ಬಂದು ಮುಟ್ಟುವುದಿಲ್ಲ.

ಪೂರ್ತಿ ನೀರು ನೂರು ಡಿಗ್ರಿಗೆ ಬಂದ ಮೇಲೆ ಗುಳ್ಳೆಗಳನ್ನು ಕೊಲ್ಲುವ ತಣ್ಣೀರು ಉಳಿಯುವುದಿಲ್ಲ. ಅವು ದೊಡ್ಡದಾಗುತ್ತಾ ಮೇಲೆ ಬಂದು ಬುಳಬುಳನೆ ಒಡೆಯುತ್ತವೆ. ಇದು ಮೆತ್ತನೆಯ ಸದ್ದು. ಸದ್ದು ಇಳಿದಾಗ ಕುದಿ ಬಂತು ಎಂದರ್ಥ.

ಗುಳ್ಳೆ ಹುಟ್ಟಬೇಕಾದರೆ ಪಾತ್ರೆಯಲ್ಲಿ ಸಣ್ಣ ಗೀರು, ಅದರಲ್ಲಿ ಚೂರು ಗಾಳಿ ಇರಬೇಕು. ತುಂಬ ನುಣುಪಾದ ಲೋಟದಲ್ಲಿ ಮೈಕ್ರೋವೇವ್‌ನಲ್ಲಿ ನೀರು ಕಾಯಿಸಿದರೆ ಗುಳ್ಳೆಗೆ ಹುಟ್ಟಲು ಜಾಗ ಸಿಗದೆ ನೀರು ನೂರು ಡಿಗ್ರಿ ದಾಟಿಯೂ ಸುಮ್ಮನೆ ನಿಂತಿರಬಹುದು. ಲೋಟ ಅಲುಗಿಸಿದ ಕೂಡಲೇ ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಅದಕ್ಕೇ ಕಾಯಿಸುವ ಮುಂಚೆ ಅದರಲ್ಲಿ ಒಂದು ಮರದ ಕಡ್ಡಿ ಇಡಬೇಕು. ಈ ಮಾತನ್ನು ಮನೆಯವರಿಗೆ ತಪ್ಪದೆ ಓದಿ ಹೇಳು.

ಪ್ರಶ್ನೆ: ತಣ್ಣೀರು ಸುರಿದರೆ ನೀರು ಕುದಿಯುವ ಪ್ರಯೋಗ ಇದೆ ಎಂದು ಕೇಳಿದ್ದೇನೆ. ನಿಜವೇ, ಕಣ್ಕಟ್ಟೇ?

ನಿಜ. ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ಪ್ರಿಯವಾದ ಪ್ರಯೋಗ ಇನ್ನೊಂದಿಲ್ಲ.

ದುಂಡು ತಳದ ಗಾಜಿನ ಫ್ಲಾಸ್ಕಿನಲ್ಲಿ ಅರ್ಧ ನೀರು ಹಾಕಿ ಬಾಯಿ ತೆರೆದು ಕೆಲವು ನಿಮಿಷ ಚೆನ್ನಾಗಿ ಕುದಿಸಬೇಕು. ಒಳಗಿದ್ದ ಗಾಳಿಯನ್ನು ಹಬೆ ಹೊರಗಟ್ಟುತ್ತದೆ. ಉರಿ ಆರಿಸಿ, ಕುದಿ ನಿಂತ ಕೂಡಲೇ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ, ಫ್ಲಾಸ್ಕನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಉರಿ ಇರುವಾಗ ಬಿರಡೆ ಹಾಕಲೇಬಾರದು, ಸಿಡಿಯುತ್ತದೆ. ಈಗ ಮೇಲಾಗಿರುವ ತಳದ ಮೇಲೆ ತಣ್ಣೀರು ಸುರಿಯಿರಿ. ಸುಮ್ಮನಿದ್ದ ನೀರು ಭೋರ್ಗರೆದು ಕುದಿಯುತ್ತದೆ. ನಿಲ್ಲಿಸಿದರೆ ನಿಲ್ಲುತ್ತದೆ, ಸುರಿದರೆ ಮತ್ತೆ ಕುದಿಯುತ್ತದೆ. ಕೊನೆಗೆ ಕೈಯಲ್ಲಿ ಹಿಡಿಯಬಹುದಾದಷ್ಟು ಆರಿದ ಫ್ಲಾಸ್ಕೂ ಕುದಿಯುತ್ತದೆ. ಆಗ ಅದನ್ನು ಹುಡುಗರ ಕೈಗೆ ಕೊಡುತ್ತಿದ್ದೆ. ಅವರ ಮುಖ ನೋಡಬೇಕಿತ್ತು ನೀವು!

ಕುದಿಯುವುದೆಂದರೆ ನೂರು ಡಿಗ್ರಿ ಎಂದಲ್ಲ. ಗುಳ್ಳೆಯೊಳಗಿನ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾದರೆ ಗುಳ್ಳೆ ಬದುಕುತ್ತದೆ. ಅದೇ ಕುದಿ. ತಣ್ಣೀರು ಸುರಿದಾಗ ಫ್ಲಾಸ್ಕಿನೊಳಗಿನ ಹಬೆ ನೀರಾಗಿ, ಒತ್ತಡ ಕುಸಿಯುತ್ತದೆ. ಗಾಳಿಯ ಒತ್ತಡದ ಐದನೇ ಒಂದು ಪಾಲಿಗೆ ಇಳಿದರೆ 60 ಡಿಗ್ರಿಯ ನೀರು ಕುದಿಯುತ್ತದೆ. ಎವರೆಸ್ಟ್ ತುದಿಯಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಒಂದು ಪಾಲು, ಅಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಕುಡಿಯುವ ನೀರನ್ನು ಶುದ್ಧಮಾಡಲು ತಗ್ಗಿನಲ್ಲಿ ಒಂದು ನಿಮಿಷ ಕುದಿಸಿದರೆ ಸಾಕು, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು. ಪ್ರೆಷರ್ ಕುಕ್ಕರ್ ಇದರ ಇನ್ನೊಂದು ಮಗ್ಗುಲು: ಒಳಗೆ ಒತ್ತಡ ಎರಡು ಪಟ್ಟಾದರೆ ಕುದಿಬಿಂದು 120 ಡಿಗ್ರಿಗೆ ಏರುತ್ತದೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಶುದ್ಧಮಾಡುವ ಆಟೋಕ್ಲೇವ್ ಕೂಡ 121 ಡಿಗ್ರಿಯಲ್ಲಿ ಹೀಗೆಯೇ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಒಂದು ವರ್ಷ ದುಂಡು ತಳದ ಫ್ಲಾಸ್ಕ್ ಸಿಗದೆ ನಾನು ಚಪ್ಪಟೆ ತಳದ್ದನ್ನು ಬಳಸಿದೆ. ಎರಡನೇ ಚೊಂಬು ತಣ್ಣೀರಿಗೆ ತಳ ಒಳಗೆ ಕುಸಿದು ಮೇಜಿನ ತುಂಬ ಗಾಜು ಚೆಲ್ಲಾಡಿತು. ಮಕ್ಕಳು ದೂರದಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರದಂತೆ ಒತ್ತುತ್ತದೆ. ದುಂಡಗಿನ ಗಾಜು ಅದನ್ನು ತಡೆಯುತ್ತದೆ, ಚಪ್ಪಟೆ ಗಾಜು ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕದೆ, ಅನುಭವಿಗಳಿಲ್ಲದೆ ಇದನ್ನು ಮಾಡಬೇಡಿ.

ಪ್ರಶ್ನೆ: ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆಯೇ?

ಇಲ್ಲ. ಕುದಿಬಿಂದು ಮೇಲೇರುತ್ತದೆ, ಅದೂ ಅತ್ಯಲ್ಪ. ಒಂದು ಕಿಲೋ ನೀರಿಗೆ 58 ಗ್ರಾಂ ಉಪ್ಪು ಹಾಕಿದರೆ ಒಂದು ಡಿಗ್ರಿ. ಕುದಿಯುವ ಹಂತದ ನೀರಿಗೆ ಉಪ್ಪು ಹಾಕಿದಾಗ ಬುಸ್ಸೆಂದು ಉಕ್ಕುವುದು ಬೇರೆ ಕಾರಣಕ್ಕೆ: ಹರಳುಗಳು ಗುಳ್ಳೆ ಹುಟ್ಟಲು ಜಾಗ ಕೊಡುತ್ತವೆ.

ಪ್ರಶ್ನೆ: ನೂರು ಡಿಗ್ರಿ ಇಲ್ಲದೆಯೂ ಒದ್ದೆ ಬಟ್ಟೆ ಆರುವುದು ಹೇಗೆ? ಫ್ಯಾನ್ ಗಾಳಿ ತಂಪು ಎನಿಸುತ್ತದೆ, ಆದರೆ ಕೋಣೆಯ ಥರ್ಮಾಮೀಟರ್ ಫ್ಯಾನ್ ಹಾಕಿದರೂ ಇಳಿಯುವುದಿಲ್ಲ. ಯಾಕೆ?

ಎರಡು ಪ್ರಶ್ನೆಗೂ ಬೇರು ಒಂದೇ. ನೀರಿನಲ್ಲಿ ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಕೆಲವು ತುಂಬ ವೇಗ, ಕೆಲವು ನಿಧಾನ. ಮೇಲ್ಮೈಯಲ್ಲಿರುವ ವೇಗದ ಅಣುಗಳು ಯಾವ ತಾಪಮಾನದಲ್ಲೂ ಹಿಡಿತ ಬಿಡಿಸಿಕೊಂಡು ಹಾರಿಹೋಗುತ್ತವೆ. ಅದೇ ಆವಿಯಾಗುವುದು. ಕುದಿಯುವಾಗ ನೀರಿನ ಒಡಲೊಳಗೇ ಹಬೆ ಹುಟ್ಟುತ್ತದೆ. ಇಲ್ಲಿ ಹಾಗಲ್ಲ, ನಡೆಯುವುದೆಲ್ಲ ಮೇಲ್ಮೈಯಲ್ಲಿ ಮಾತ್ರ.

ವೇಗದವು ಹೋದರೆ ಉಳಿಯುವುದು ನಿಧಾನದವು. ಅಂದರೆ ಉಳಿದ ನೀರು ತಣ್ಣಗಾಗುತ್ತದೆ. ಎರಡು ಥರ್ಮಾಮೀಟರ್ ತಗೊಂಡು ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡನ್ನೂ ಫ್ಯಾನ್ ಮುಂದೆ ಇಡಿ. ನಾನು ನೋಡಿದ ಒಂದು ಮಧ್ಯಾಹ್ನ ಒಣ ಥರ್ಮಾಮೀಟರ್ 32ರಲ್ಲಿ ನಿಂತಿತ್ತು, ಒದ್ದೆಯದು ಇಳಿಯುತ್ತಾ ಇಳಿಯುತ್ತಾ 24ಕ್ಕೆ ಬಂತು. ಗಾಳಿ ಎರಡಕ್ಕೂ ಒಂದೇ! ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಚರ್ಮದ ಪಕ್ಕ ನಿಂತ ಬೆಚ್ಚಗಿನ, ಪಸೆ ತುಂಬಿದ ಗಾಳಿಯನ್ನು ಸರಿಸಿ ಒಣಗಾಳಿ ತರುತ್ತದೆ, ಬೆವರು ಬೇಗ ಆರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 2400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಆ ಪ್ರಯೋಜನ ಇಲ್ಲ.

ಗಾಳಿಯಲ್ಲಿ ಮೊದಲೇ ಆವಿ ತುಂಬಿದ್ದರೆ ಹಾರಿಹೋದಷ್ಟೇ ಅಣುಗಳು ಮರಳಿ ಬರುತ್ತವೆ. ಬಟ್ಟೆ ಆರುವುದಿಲ್ಲ, ಬೆವರೂ ಆರುವುದಿಲ್ಲ, ಸೆಖೆ ತಡೆಯಲಾಗುವುದಿಲ್ಲ. ಒದ್ದೆ ಥರ್ಮಾಮೀಟರೇ 35 ಡಿಗ್ರಿ ತೋರಿಸುವಂಥ ಹವೆಯಲ್ಲಿ ಮನುಷ್ಯನ ದೇಹ ಶಾಖ ಹೊರಹಾಕಲು ದಾರಿಯೇ ಇರುವುದಿಲ್ಲ. ನೆರಳಿನಲ್ಲಿ ಸುಮ್ಮನೆ ಕೂತ ಆರೋಗ್ಯವಂತರಿಗೂ ಅದು ಜೀವಕ್ಕೆ ಅಪಾಯ. ಹವಾಮಾನ ವರದಿಯಲ್ಲಿ ಬರಿಯ ತಾಪಮಾನ ನೋಡಬೇಡಿ, ಆರ್ದ್ರತೆಯನ್ನೂ ನೋಡಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ.

ಪ್ರಶ್ನೆ: ಚೆನ್ನಾಗಿ ಕಾದ ಕಬ್ಬಿಣದ ಮೇಲೆ ನೀರಿನ ಹನಿ ತಕ್ಷಣ ಆರದೆ ಮಣಿಯಂತೆ ಓಡಾಡುತ್ತದೆ. ಕಡಿಮೆ ಕಾದಿದ್ದರೆ ಚುಯ್ ಎಂದು ಬೇಗ ಆರುತ್ತದೆ. ಇದು ಹೇಗೆ?

1756ರಲ್ಲಿ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಹನಿ ಬಿಟ್ಟು ಇದನ್ನೇ ಬರೆದಿಟ್ಟರು. ಸುಮಾರು 200 ಡಿಗ್ರಿ ದಾಟಿದರೆ (ಲೋಹ, ಅದರ ನುಣುಪು ನೋಡಿಕೊಂಡು ಇದು ಬದಲಾಗುತ್ತದೆ) ಹನಿಯ ಅಡಿಭಾಗ ಮುಟ್ಟುವ ಮೊದಲೇ ಹಬೆಯಾಗಿ, ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ತೆಳುವಾದ ಹಬೆಯ ಹಾಸು ಹಾಸಿಬಿಡುತ್ತದೆ. ಹನಿ ಅದರ ಮೇಲೆ ತೇಲುತ್ತದೆ. ಹಬೆ ಶಾಖವನ್ನು ನೀರಿನಷ್ಟು ಚೆನ್ನಾಗಿ ದಾಟಿಸುವುದಿಲ್ಲ, ಹಾಗಾಗಿ ಹನಿ ನಿಧಾನವಾಗಿ ಆರುತ್ತದೆ. ಲೋಹ ಆರುತ್ತಾ ಬಂದಾಗ ಹಾಸು ಹರಿದು, ಹನಿ ಲೋಹಕ್ಕೆ ತಾಗಿ, ಚುಯ್ ಎಂದು ಮಾಯವಾಗುತ್ತದೆ.

ಹನಿಯ ಈ ಆಟ ಬಾಯ್ಲರಿನಲ್ಲಿ ನಡೆದರೆ ಅನಾಹುತ. ಜಪಾನಿನ ಶಿರೋ ನುಕಿಯಾಮಾ 1934ರಲ್ಲಿ ನೀರಿನೊಳಗೆ ಸಣ್ಣ ತಂತಿ ಇಟ್ಟು ವಿದ್ಯುತ್ತಿನಿಂದ ಕಾಯಿಸುತ್ತಾ ಹೋದರು. ಒಂದು ಹಂತದವರೆಗೆ ಗುಳ್ಳೆಗಳು ಶಾಖವನ್ನು ಸೊಗಸಾಗಿ ಹೊತ್ತೊಯ್ದವು. ಒಂದು ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್ ಮೀರಿದಾಗ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ತಂತಿಯನ್ನೇ ಮುಚ್ಚಿಬಿಡುತ್ತವೆ. ಆಗ ನೀರಿನಲ್ಲಿ ಮುಳುಗಿದ್ದರೂ ತಂತಿಗೆ ನೀರು ತಾಗುವುದಿಲ್ಲ. ಕ್ಷಣದಲ್ಲಿ ತಾಪಮಾನ ನೂರಾರು ಡಿಗ್ರಿ ಜಿಗಿದು ತಂತಿ ಕರಗಿಹೋಗಬಹುದು. ನೀರು ಕಾಯಿಸುವ ಅಣುಸ್ಥಾವರಗಳನ್ನು ವಿನ್ಯಾಸ ಮಾಡುವವರು ಇಂದಿಗೂ ಈ ಮಿತಿಯಿಂದ ಬಹಳ ಕೆಳಗೇ ಉಳಿಯುವಂತೆ ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ಕುದಿನೀರು, ಹಬೆ ಎರಡೂ ನೂರು ಡಿಗ್ರಿ ಅಲ್ಲವೇ? ಹಬೆಯ ಸುಟ್ಟಗಾಯ ಯಾಕೆ ಹೆಚ್ಚು ಕೆಟ್ಟದ್ದು?

ನನ್ನ ಎಡಗೈ ಮಣಿಕಟ್ಟಿನ ಮೇಲೆ ಇದರ ಉತ್ತರ ಇದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಥರ್ಮಾಮೀಟರಿನ ನೂರರ ಗೆರೆ ಪರೀಕ್ಷಿಸುವ ಹಿಪ್ಸೋಮೀಟರ್ ಎಂಬ ತಾಮ್ರದ ಪಾತ್ರೆಯ ಮುಚ್ಚಳವನ್ನು ನನ್ನ ಕಡೆಗೆ ವಾಲಿಸಿ ತೆಗೆದೆ. ಬಿಳಿಯ ಹೊಗೆಯಂತಹದ್ದು ಏನೂ ಕಾಣಲಿಲ್ಲ, ಕೈ ಮಾತ್ರ ಸುಟ್ಟಿತು. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಕೆಟಲಿನ ಮೂತಿಯಿಂದ ಒಂದೆರಡು ಸೆಂಟಿಮೀಟರ್ ಖಾಲಿ ಕಾಣುತ್ತದಲ್ಲ, ಅದೇ ಹಬೆ. ಅದರಾಚೆಯ ಬಿಳಿ ಮೋಡ ಆಗಲೇ ಮತ್ತೆ ಹನಿಗಳಾದ ನೀರು.

ಒಂದು ಗ್ರಾಂ ಕುದಿನೀರು ಚರ್ಮದ ಮಟ್ಟಕ್ಕೆ ಆರುವಾಗ ಸುಮಾರು 270 ಜೂಲ್ ಕೊಡುತ್ತದೆ. ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗಲೇ 2257 ಜೂಲ್ ಕೊಟ್ಟು, ಆಮೇಲೆ ಆ 270ನ್ನೂ ಕೊಡುತ್ತದೆ. ಬ್ಲ್ಯಾಕ್ ಹುಡುಕಿದ, ಅಡಗಿದ್ದ ಶಾಖ ಇಲ್ಲಿ ಹೊರಬರುತ್ತದೆ. ಒಟ್ಟು ಒಂಬತ್ತು ಪಟ್ಟು.

ಮುಚ್ಚಳವನ್ನು ಯಾವಾಗಲೂ ನಿಮ್ಮಿಂದ ಆಚೆಗೆ ವಾಲಿಸಿ ತೆಗೆಯಿರಿ. ಸುಟ್ಟರೆ ತಕ್ಷಣ ಉಂಗುರ, ವಾಚ್ ತೆಗೆದು, ಹರಿಯುವ ತಂಪು ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ, ಪೇಸ್ಟ್, ಎಣ್ಣೆ ಯಾವುದೂ ಬೇಡ. ಬೊಬ್ಬೆ ಬಂದರೆ ಒಡೆಯಬೇಡಿ. ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಮುಖ, ಕೈ ಅಥವಾ ಕೀಲಿನ ಮೇಲಿದ್ದರೆ, ಚಿಕ್ಕ ಮಕ್ಕಳಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.